ಎರಡು ಬ್ರೇಕಿನ ಕಾರು

ನಾನು ಒಂದು ಕಾರು. ನಗುವವರು ಈಗಲೇ ನಕ್ಕು ಮುಗಿಸಿಬಿಡಿ, ಆಮೇಲೆ ಮಾತಿಗೆ ಅಡ್ಡ ಬರಬೇಡಿ. ನನ್ನನ್ನು ನೋಡಿ ನಕ್ಕವರನ್ನು ಬೇಕಾದಷ್ಟು ಕಂಡಿದ್ದೇನೆ. ದೊಡ್ಡ ಗಾಡಿಗಳ ಕಿಟಕಿಯಿಂದ ತಲೆ ಹೊರಗೆ ಹಾಕಿ ‘ಏ, ಸೋಪಿನ ಡಬ್ಬಿ!’ ಎಂದು ಕೂಗಿದವರಿದ್ದಾರೆ. ಸಿಗ್ನಲ್ಲಿನಲ್ಲಿ ಬೆನ್ನ ಹಿಂದೆ ನಿಂತು, ಹಸಿರು ದೀಪ ಬೀಳುವ ಮೊದಲೇ ಹಾರ್ನು ಬಾರಿಸಿದವರಿಗಂತೂ ಲೆಕ್ಕವಿಲ್ಲ. ಅವರೆಲ್ಲರಿಗೂ ಇದ್ದಷ್ಟು ಗಾಲಿ, ದೀಪ, ಕನ್ನಡಿ ನನಗೂ ಇದ್ದವು. ಒಂದು ಮಾತ್ರ ಹೆಚ್ಚಿಗೆ ಇತ್ತು. ನನಗೆ ಬ್ರೇಕು ಎರಡು. ಆ ಎರಡನೆಯ ಬ್ರೇಕಿನ ಕಥೆಯೇ ನನ್ನ ಕಥೆ.

ಹುಟ್ಟುವಾಗ ನನಗೂ ಎಲ್ಲರಂತೆ ಒಂದೇ ಬ್ರೇಕಿತ್ತು. ಉತ್ತರದ ಕಡೆಯ ಒಂದು ದೊಡ್ಡ ಕಾರ್ಖಾನೆಗೆ ನಾನು ತಗಡಿನ ಹಾಳೆಯಾಗಿ ಬಂದೆ. ಅಲ್ಲಿ ಬಾಗಿಸಿದರು, ಬೆಸೆದರು, ಬಿಳಿ ಬಣ್ಣ ಬಳಿದರು. ಕೊನೆಯಲ್ಲಿ ನಿಂತಿದ್ದ ಒಬ್ಬ ಮನುಷ್ಯ ನನ್ನ ಬ್ರೇಕು ಒತ್ತಿ ನೋಡಿ, ಅಂಗೈಯಿಂದ ಬಾಗಿಲನ್ನು ಒಮ್ಮೆ ತಟ್ಟಿ, ಇನ್ನು ಹೊರಡು ಎನ್ನುವಂತೆ ತಲೆಯಾಡಿಸಿದ. ನಿನ್ನ ತಂದೆತಾಯಿ ಯಾರು ಎಂದು ಯಾರಾದರೂ ಕೇಳಿದರೆ ನಾನು ಆ ಅಂಗೈಯನ್ನೇ ಹೇಳುತ್ತೇನೆ.

ಅಲ್ಲಿಂದ ಉದ್ದನೆಯ ಲಾರಿಯ ಮೇಲೆ ಹುಬ್ಬಳ್ಳಿಗೆ ಬಂದೆ. ನನ್ನನ್ನು ಹಿಮ್ಮುಖವಾಗಿ ಕಟ್ಟಿದ್ದರು. ಹಾಗಾಗಿ ಊರುಗಳು ಬರುವುದು ಕಾಣಲಿಲ್ಲ, ಹೋಗುವುದು ಮಾತ್ರ ಕಂಡಿತು. ಮುಂದೇನಿದೆ ಎಂದು ಕಾಣದೆ ರಸ್ತೆಯ ಮೇಲೆ ಹೋಗುವುದು ಎಂಥ ಹೆದರಿಕೆ ಎಂಬುದು ನನಗೆ ಅಲ್ಲೇ ತಿಳಿಯಿತು. ಮುಂದೆ ನನ್ನ ಸ್ಟೇರಿಂಗು ಹಿಡಿದು ನಡುಗಿದವರ ಮೇಲೆ ನನಗೆ ಸಿಟ್ಟು ಬಾರದೇ ಇದ್ದದ್ದಕ್ಕೆ ಆ ಪ್ರಯಾಣವೇ ಕಾರಣವಿರಬೇಕು.

ನನ್ನ ಮೊದಲ ಯಜಮಾನರು ದುರ್ಗದಬೈಲಿನಲ್ಲಿ ಅರಿವೆ ಅಂಗಡಿ ಇಟ್ಟಿದ್ದ ಉಮಾಪತಿ ಶೆಟ್ಟರು. ಮನೆಯ ಮುಂದೆ ಪೂಜೆಯಾಯಿತು. ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ, ನಾಲ್ಕು ಗಾಲಿಗಳ ಮುಂದೆ ನಾಲ್ಕು ನಿಂಬೆಹಣ್ಣು. ಇನ್ನು ಶೆಟ್ಟರು ಗಾಡಿಯನ್ನು ಒಂದು ಮಾರು ಮುಂದೆ ನಡೆಸಬೇಕು, ಹಣ್ಣು ಚಿಟಿಲ್ಲೆಂದು ಒಡೆಯಬೇಕು. ಮನೆಮಂದಿಯೆಲ್ಲ ಕೈಮುಗಿದು ನಿಂತರು. ಶೆಟ್ಟರು ಗೇರು ಹಾಕಿದರು. ಅದು ರಿವರ್ಸ್ ಗೇರು. ನಾಲ್ಕೂ ನಿಂಬೆಹಣ್ಣು ಇದ್ದಲ್ಲೇ ದುಂಡಗೆ ಕೂತಿದ್ದವು. ಒಡೆದದ್ದು ಹಿಂದೆ ನಿಲ್ಲಿಸಿದ್ದ ಪುರೋಹಿತರ ಸ್ಕೂಟರಿನ ದೀಪ.

“ಏನರೆ ಒಂದ್ ಒಡೀತಲ್ಲ, ದೃಷ್ಟಿ ಹೋತು ಬಿಡ್ರಿ” ಎಂದರು ಶೆಟ್ಟರು. ಪುರೋಹಿತರು ಮಂತ್ರ ಮರೆತವರಂತೆ ಸ್ಕೂಟರನ್ನೇ ನೋಡುತ್ತಿದ್ದರು.

ಶೆಟ್ಟರು ಒಳ್ಳೆಯವರೇ. ಆದರೆ ಸೀಟಿನ ಪ್ಲಾಸ್ಟಿಕ್ಕನ್ನು ಕೊನೆಯವರೆಗೂ ತೆಗೆಯಲಿಲ್ಲ. ಬೇಸಿಗೆಯಲ್ಲಿ ಅವರ ಮನೆಯವರು ಕೂತು ಎದ್ದರೆ ಅಂಟಿದ ಕಾಗದ ಕಿತ್ತಂತೆ ಸದ್ದಾಗುತ್ತಿತ್ತು. ಉಣಕಲ್ಲಿನ ಇಳಿಜಾರು ಬಂದರೆ ಪೆಟ್ರೋಲು ಉಳಿಯಲಿ ಎಂದು ಎಂಜಿನ್ನನ್ನೇ ಬಂದ್ ಮಾಡಿ ನನ್ನನ್ನು ಬಂಡಿಯಂತೆ ಉರುಳಿಸುತ್ತಿದ್ದರು. ಎಂಜಿನ್ ಆರಿದ ಕಾರಿಗೆ ಕೈಕಾಲು ಕಟ್ಟಿದಂತೆ ಎಂದು ಅವರಿಗೆ ಯಾರು ಹೇಳಬೇಕು? ಸಂಜೆ ಅಂಗಡಿಯ ಕಟ್ಟೆಗೆ ಬಂದವರೆಲ್ಲ ನನ್ನ ಸುತ್ತ ಒಂದು ಸುತ್ತು ಹಾಕಿ ಕೇಳುತ್ತಿದ್ದದ್ದು ಒಂದೇ ಮಾತು: “ಎಷ್ಟು ಕೊಡ್ತೈತ್ರೀ?”

ಲೀಟರಿಗೆ ಎಷ್ಟು ದೂರ ಓಡುತ್ತದೆ ಎಂದು ಅದರ ಅರ್ಥ. ಹೆಸರು ಕೇಳಲಿಲ್ಲ, ಬ್ರೇಕು ಹೇಗಿದೆ ಎಂದು ಕೇಳಲಿಲ್ಲ. ಎಷ್ಟು ಕೊಡ್ತೈತಿ? ಅಷ್ಟೇ. ನನಗೆ ಆ ಪ್ರಶ್ನೆ ಅಂದಿನಿಂದಲೂ ಮೈ ಉರಿಸುತ್ತದೆ. ನಿಮ್ಮನ್ನು ಯಾರಾದರೂ ಹಾಗೆ ಕೇಳಿದ್ದಾರೆಯೇ? ಒಂದು ರೊಟ್ಟಿ ತಿಂದರೆ ಎಷ್ಟು ನಡೀತೀಯಪ್ಪಾ ಅಂತ?

ಕೆಲವು ವರ್ಷಗಳ ಮೇಲೆ ಶೆಟ್ಟರಿಗೆ ಅಳಿಯ ಬಂದ. ಅವನಿಗೆ ಕಾರುಗಳ ಹುಚ್ಚು. ನನ್ನ ಬಾನೆಟ್ಟಿನ ಮೇಲೆ ಗೆಣ್ಣಿನಿಂದ ಬಡಿದು, “ಮಾವಾರ, ಇದು ಕಾರಲ್ರೀ, ಬಾಗಲಾ ಇರೋ ಸೈಕಲ್ಲು” ಎಂದ. ಮುಂದಿನ ದೀಪಾವಳಿಗೆ ಎತ್ತರದ ಕರಿ ಗಾಡಿಯೊಂದು ಬಂತು. ನಾನು ಹೊರಬಿದ್ದೆ.

ನನ್ನನ್ನು ಕೊಂಡವರು ದಾವಲಸಾಬ ಮಾಸ್ತರರು. ‘ಸವಾರಿ ಡ್ರೈವಿಂಗ್ ಸ್ಕೂಲ್’ ಎಂದು ಬೋರ್ಡು ಹಾಕಿಕೊಂಡು, ಹುಬ್ಬಳ್ಳಿಯ ಅರ್ಧ ಜನಕ್ಕೆ ಗಾಡಿ ಕಲಿಸಿದವರು. ಬಿಳಿ ಟೊಪ್ಪಿಗೆ, ಬಾಯಲ್ಲಿ ಯಾಲಕ್ಕಿ, ಮಂಡಿಯಲ್ಲಿ ನೋವು. ಅವರು ನನ್ನನ್ನು ನೇರವಾಗಿ ವೆಲ್ಡಿಂಗ್ ಅಂಗಡಿಗೆ ಒಯ್ದರು. ಎಡಗಡೆ ಕೂರುವವರ ಕಾಲಬುಡದಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಕೂರಿಸಿ, ಕಬ್ಬಿಣದ ಸಲಾಕೆಯಿಂದ ಬಲಗಡೆಯವಕ್ಕೆ ಜೋಡಿಸಿದರು. ಎಡಗಡೆ ಒತ್ತಿದರೆ ಬಲಗಡೆಯದೂ ತಾನೇ ಕೆಳಗಿಳಿಯುತ್ತದೆ. ನೆತ್ತಿಯ ಮೇಲೆ ಹಳದಿ ಬೋರ್ಡು ಏರಿತು. ಹಿಂದೆ ಮುಂದೆ ಕೆಂಪು ಬಣ್ಣದಲ್ಲಿ ದೊಡ್ಡ ‘ಎಲ್’ ಬರೆದರು.

ನನಗೆ ಅವಮಾನವಾಯಿತೆಂದು ಎಣಿಸಿದಿರಾ? ಮೊದಮೊದಲು ಆಯಿತು, ಸುಳ್ಳು ಯಾಕೆ ಹೇಳಲಿ. ಆಟೋದವರು “ಲೇ, ಎಲ್ಲು ಬಂತು, ಸರೀರಿ” ಎಂದು ಕೂಗುತ್ತಿದ್ದರು. ಬಸ್ಸುಗಳು ಬೇಕೆಂದೇ ಮೈಮೇಲೆ ಬರುತ್ತಿದ್ದವು. ಆದರೆ ಬರಬರುತ್ತ ನನಗೆ ಹಟ ಹುಟ್ಟಿತು. ಹಾರ್ನು ಬಾರಿಸುವ ಈ ಮಂದಿಯೇನು ತಾಯಿಯ ಹೊಟ್ಟೆಯಿಂದಲೇ ಸ್ಟೇರಿಂಗು ಹಿಡಿದು ಬಂದರೇ? ಇವರಲ್ಲಿ ಎಷ್ಟೋ ಜನ ಇದೇ ಸೀಟಿನಲ್ಲಿ ಕೂತು, ಕ್ಲಚ್ಚು ಯಾವುದು ಬ್ರೇಕು ಯಾವುದು ಎಂದು ಬೆವರಿದವರು. ಬಾರಿಸಲಿ. ನಾನು ಮೆಲ್ಲಗೇ ಹೋಗುವವನು. ನನ್ನ ಹಿಂದೆ ಇಡೀ ಊರು ಮೆಲ್ಲಗೆ ಬಂದರೆ ಯಾರಿಗೇನು ನಷ್ಟ?

ಮಾಸ್ತರರು ಪಾಠ ಹೇಳುವ ರೀತಿಯೇ ಬೇರೆ. “ಕಾಲಿಗೆ ಕಿವಿ ಬರಬೇಕು ನೋಡ್ರಿ” ಎನ್ನುತ್ತಿದ್ದರು. ಕ್ಲಚ್ಚನ್ನು ಅರ್ಧಕ್ಕೆ ಬಿಟ್ಟಾಗ ಎಂಜಿನ್ನಿನ ದನಿ ಒಂದಿಷ್ಟು ದಪ್ಪಗಾಗುತ್ತದೆ. ಅದನ್ನು ಕಿವಿಯಲ್ಲಿ ಕೇಳಿದರೆ ತಡವಾಯಿತು, ಪಾದವೇ ಕೇಳಿಸಿಕೊಳ್ಳಬೇಕು. ಕನ್ನಡಿಯಲ್ಲಿ ತಲೆ ಬಾಚಿಕೊಳ್ಳುವ ಹುಡುಗರಿಗೆ, “ಅದರಾಗ ನಿನ್ನ ಮಾರಿ ನೋಡ್ಬ್ಯಾಡ, ಹಿಂದ ಬರೋನ ಮಾರಿ ನೋಡು” ಎನ್ನುವರು. ಸರ್ಕಲ್ಲಿಗೆ ಬಂದರೆ, “ಬಲಗಡೆಯಿಂದ ಬರೋರು ನಮ್ಮ ಬೀಗರಿದ್ದಂಗ, ಮೊದಲು ಅವರನ್ನ ಕಳಸ್ರಿ” ಎನ್ನುವರು. ಜನ ನಕ್ಕು ನಕ್ಕು ಕಲಿಯುತ್ತಿದ್ದರು.

ಆದರೆ ಮಾಸ್ತರರಿಗೆ ಒಂದು ಪದ್ಧತಿಯಿತ್ತು. ಲೈಸನ್ಸಿನ ಪರೀಕ್ಷೆಯ ದಿನ ಅವರೂ ಎಡಗಡೆ ಕೂರುವರು. ಇನ್ಸ್‌ಪೆಕ್ಟರು ಹಿಂದಿನ ಸೀಟಿನಲ್ಲಿ. ಕಲಿತವರು ಸ್ಟೇರಿಂಗು ಹಿಡಿದರೆ ಸಾಕು. ಏರಿನಲ್ಲಿ ಗಾಡಿ ಹಿಂದೆ ಸರಿಯುವಂತಾದರೆ ಮಾಸ್ತರರ ಪಾದ ಸದ್ದಿಲ್ಲದೆ ಬ್ರೇಕಿನ ಮೇಲೆ. ಎಂಜಿನ್ ಆರುವಂತಾದರೆ ಇನ್ನೊಂದು ಪಾದ ಕ್ಲಚ್ಚಿನ ಮೇಲೆ. ಹಿಂದೆ ಕೂತವರಿಗೆ ಏನೂ ಕಾಣದು. ಕಲಿತವರು ಇಳಿಯುವಾಗ ‘ನಾನೇ ಗಾಡಿ ಹೊಡೆದೆ’ ಎಂದು ಬೀಗುತ್ತಿದ್ದರು. ಮಾಸ್ತರರು ಯಾಲಕ್ಕಿ ಜಗಿಯುತ್ತ ಸುಮ್ಮನಿರುವರು. ಅವರಿಗೆ ಅದು ಮೋಸ ಎನಿಸಿರಲಿಲ್ಲ, ಮಗಳನ್ನು ಗಂಡನ ಮನೆಗೆ ಕಳಿಸುವಾಗ ಬುತ್ತಿ ಕಟ್ಟಿದಂತೆ ಎಂದುಕೊಂಡಿದ್ದರು. ನನಗೆ ಮಾತ್ರ ಗೊತ್ತಿತ್ತು, ಈ ಊರಿನ ಎಷ್ಟೋ ಲೈಸನ್ಸುಗಳು ಮಾಸ್ತರರ ಕಾಲಿಗೆ ಬಂದವು.

ಹೀಗಿರುವಾಗ ಒಂದು ಬೆಳಿಗ್ಗೆ ಕಸ್ತೂರವ್ವ ಬಂದಳು.

ಹಳೇ ಹುಬ್ಬಳ್ಳಿಯಲ್ಲಿ ಅವಳದೊಂದು ಖಾನಾವಳಿ. ಗಂಡ ಬಸಲಿಂಗಪ್ಪ ಪಲ್ಲೆ ಮಾಡುವುದರಲ್ಲಿ ಗಟ್ಟಿಗ, ಗಾಡಿ ಎಂದರೆ ಸೈಕಲ್ಲನ್ನೂ ಹತ್ತದವನು. ಓಣಿಯ ಹೆಂಗಸರು ಸೇರಿ ರೊಟ್ಟಿ ಬಡಿಯುತ್ತಿದ್ದರು. ಗೋಕುಲ ರಸ್ತೆಯ ಕಡೆಗಿದ್ದ ಒಂದು ಪಂಪಿನ ಕಾರ್ಖಾನೆಗೆ ದಿನವೂ ಮಧ್ಯಾಹ್ನದ ಊಟ ಇವರದೇ. ಊಟ ಒಯ್ಯುತ್ತಿದ್ದವನು ಕಸ್ತೂರವ್ವನ ಮೈದುನ ಫಕೀರಪ್ಪ, ತನ್ನ ಸ್ವಂತ ವ್ಯಾನಿನಲ್ಲಿ. ಅವನಿಗೆ ಮನಸ್ಸು ಬಂದರೆ ಹೊತ್ತಿಗೆ ಸರಿಯಾಗಿ ಹೋಗುವನು. ದಾರಿಯಲ್ಲಿ ಯಾವನಾದರೂ ಹೊಸ ಗಾಡಿ ನಿಲ್ಲಿಸಿಕೊಂಡಿದ್ದರೆ ಮುಗಿಯಿತು. ಬಾನೆಟ್ಟು ಎತ್ತಿಸಿ, ಎಂಜಿನ್ನಿನ ಜಾತಕ ಬಿಡಿಸಿ, ಡೀಸೆಲ್ಲಿಗೆ ಇರುವ ಗತ್ತು ಪೆಟ್ರೋಲಿಗೆಲ್ಲಿ ಎಂದು ಭಾಷಣ ಮಾಡಿ, ಕಾರ್ಖಾನೆ ಮುಟ್ಟುವಷ್ಟರಲ್ಲಿ ಊಟದ ಬಿಡುವು ಮುಗಿದ ಸೈರನ್ನು ಕೂಗುತ್ತಿತ್ತು. ಕೆಲಸಗಾರರು ನಿಂತುಕೊಂಡೇ ಎರಡು ತುತ್ತು ನುಂಗಿ ಮಷೀನಿಗೆ ಓಡುತ್ತಿದ್ದರು. ಕಾರ್ಖಾನೆಯ ಮ್ಯಾನೇಜರರು ಎಚ್ಚರಿಸಿದ್ದರು: “ಇನ್ನೊಮ್ಮೆ ತಡಾ ಆದ್ರ ಊಟಾ ಬ್ಯಾರೆ ಕಡೆ ಹೇಳ್ತೀವಿ ನೋಡವಾ.” ಆ ಊಟ ನಿಂತರೆ ಓಣಿಯ ಅಷ್ಟೂ ಒಲೆಗಳು ಆರುತ್ತಿದ್ದವು.

ಕಸ್ತೂರವ್ವ ತಾನೇ ಗಾಡಿ ಕಲಿಯುತ್ತೇನೆಂದಾಗ ಫಕೀರಪ್ಪ ನಕ್ಕನಂತೆ. ಅಣ್ಣನ ಹೆಂಡತಿಯನ್ನು ಆ ಕಡೆ ವೈನಿ ಎನ್ನುತ್ತಾರೆ. “ವೈನೀ, ನಿಮ್ಮ ಕೈಯಾಗ ರೊಟ್ಟಿ ದುಂಡಗ ತಿರಗತೈತಿ, ಸ್ಟೇರಿಂಗ್ ತಿರಗಂಗಿಲ್ಲ. ನೀವು ಗಾಡಿ ಹೊಡದ ದಿನ ನಾ ಹಿಂದಿನ ಸೀಟಿನ್ಯಾಗ ರೊಟ್ಟಿ ಬುಟ್ಟಿ ತೊಡಿಮ್ಯಾಲ ಇಟ್ಕೊಂಡು ಕುಂದರ್ತೀನಿ, ಬರಕೋರಿ.”

“ಬರಕೊಳ್ಳೂದ್ಯಾಕ, ನೆನಪಿರತೈತಿ” ಎಂದು ಬಂದವಳು ಇವಳು.

ಮೊದಲ ದಿನ ನನ್ನ ಸೀಟಿನಲ್ಲಿ ಕೂತಾಗ ಅವಳ ಸೀರೆಯಿಂದ ಸುಟ್ಟ ಜೋಳದ ವಾಸನೆ ಬರುತ್ತಿತ್ತು. ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಪೆಡಲು ಮುಟ್ಟಿದಳು. ಮಾಸ್ತರರು, “ಚಪ್ಪಲಿ ಹಾಕ್ಕೊಳವಾ ತಂಗೀ” ಎಂದರೆ, “ಕಾಲಿಗೆ ಕಿವಿ ಬರ್ಬೇಕಂತೀರಿ, ಮತ್ತ ಕಿವಿ ಮುಚ್ಚು ಅಂತೀರಿ” ಎಂದಳು. ಮಾಸ್ತರರ ಯಾಲಕ್ಕಿ ಗಂಟಲಿಗಿಳಿಯಿತು.

ಎಲ್ಲರಂತೆ ಅವಳೂ ನನ್ನನ್ನು ಕುಲುಕಿದಳು, ಎಂಜಿನ್ ಆರಿಸಿದಳು, ಕೊಪ್ಪೀಕರ ರಸ್ತೆಯ ನಡುವೆ ನಿಲ್ಲಿಸಿ ಇಡೀ ಸಂತೆಯ ಬೈಗುಳ ತಿನ್ನಿಸಿದಳು. ಆದರೆ ಒಂದು ಹೊಸತು ಕಂಡೆ. ಮಾಸ್ತರರ ಕಾಲು ಎಡಗಡೆ ಬ್ರೇಕು ಒತ್ತಿದಾಗ ಅವಳ ಕಾಲಡಿಯ ಪೆಡಲು ತಾನಾಗಿ ಇಳಿಯುತ್ತದಲ್ಲ, ಬೇರೆಯವರಿಗೆ ಅದು ಗೊತ್ತೇ ಆಗುತ್ತಿರಲಿಲ್ಲ. ಇವಳು ಎರಡನೇ ದಿನವೇ ಹಿಡಿದುಬಿಟ್ಟಳು.

“ಮಾಸ್ತರ, ಈಗ ಒತ್ತಿದ್ದು ನಾನೋ ನೀವೋ?”

“ಇಬ್ರೂ ಒತ್ತಿದ್ವಿ ಅನಕೋ.”

“ಇಬ್ರು ಬಡದ್ರ ರೊಟ್ಟಿ ಹರೀತೈತಿ. ಯಾರರೆ ಒಬ್ರು ಒತ್ತೂಣು.”

ಪರೀಕ್ಷೆಯ ದಿನ ಮೈದಾನದ ಹೊರಗೆ ಮಾಸ್ತರರು ಮೆಲ್ಲಗೆ, “ಹೆದರಬ್ಯಾಡ ತಂಗೀ, ಸ್ಟೇರಿಂಗ್ ಅಷ್ಟ ಹಿಡಿ, ಕೆಳಗಿಂದು ನಾ ನೋಡ್ಕೋತೀನಿ” ಎಂದರು.

ಕಸ್ತೂರವ್ವ ಎಂಜಿನ್ ಬಂದ್ ಮಾಡಿದಳು.

“ನಿಮ್ಮ ಕಾಲಿಂದ ಪಾಸಾದ್ರ ಲೈಸನ್ಸು ನಿಮ್ಮ ಕಾಲಿಗೇ ಕೊಡ್ಲಿ. ಕಾರ್ಖಾನೆ ದಾರ್ಯಾಗ ನೀವು ಇರ್ತೀರೇನು?”

“ಹಂಗಲ್ಲವಾ, ಎಲ್ಲಾರೂ...”

“ಕಾಲು ಮ್ಯಾಲ ತಗೋರಿ.”

“ಅಂದ್ರ?”

“ಊಟಕ್ಕ ಕುಂದರ್ತೀರಲ್ಲ, ಹಂಗ.”

ಹೀಗೆ ಮಂಡಿನೋವಿನ ದಾವಲಸಾಬ ಮಾಸ್ತರರು, ನನ್ನ ಮುಂದಿನ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಪರೀಕ್ಷೆಗೆ ಹೊರಟರು. ಹಿಂದೆ ಹತ್ತಿದ ಇನ್ಸ್‌ಪೆಕ್ಟರು ಮೈಸೂರು ಕಡೆಯವರು, ನೇರ ಮನುಷ್ಯ. “ಏನ್ ಸಾಹೇಬ್ರೇ, ಧ್ಯಾನಾನಾ?” ಎಂದರು. “ಮಂಡಿ ಹಿಡದಾವ್ರೀ” ಎಂದರು ಮಾಸ್ತರರು. ಅದೊಂದು ಮಾತ್ರ ನಿಜವೇ ಆಗಿತ್ತು.

ಅವಳು ಎಂಟರ ಆಕಾರ ಚೆನ್ನಾಗಿ ತಿರುಗಿಸಿದಳು. ಹಿಂದಕ್ಕೂ ಬಂದಳು. ಇನ್ನೇನು ಗೆದ್ದಳು ಎನ್ನುವಾಗ ಮೈದಾನದ ನಡುವೆ ಬರೆದ ಕೂಡುರಸ್ತೆ ಬಂತು. “ಸ್ಟ್ರೈಟ್ ಹೋಗಮ್ಮ” ಎಂದರು ಇನ್ಸ್‌ಪೆಕ್ಟರು. ಕಸ್ತೂರವ್ವ ಗತ್ತಿನಿಂದ ಒಂದು ಗುಂಡಿ ಒತ್ತಿದಳು. ನನ್ನ ನಾಲ್ಕೂ ಮೂಲೆಯ ಹಳದಿ ದೀಪಗಳು ಟಿಕಿಟಿಕಿ ಎಂದು ಒಟ್ಟಿಗೆ ಮಿಟುಕತೊಡಗಿದವು.

“ಯಾಕಮ್ಮ ಇದು?”

“ಸೀದಾ ಹೊಂಟೀನ್ರೀ. ಎಡಕ್ಕ ಹೋಗೂದಿದ್ರ ಎಡಗಡೆ ಲೈಟು, ಬಲಕ್ಕ ಹೋಗೂದಿದ್ರ ಬಲಗಡೆ ಲೈಟು. ಸೀದಾ ಹೋಗೂದಿದ್ರ ನಾಲ್ಕೂ.”

“ಯಾರು ಹೇಳಿಕೊಟ್ಟಿದ್ದು?”

ಮಾಸ್ತರರು ಅಲ್ಲ ಎಂದು ತಲೆಯಾಡಿಸಿದರು. ಹೇಳಿಕೊಟ್ಟವನು ಫಕೀರಪ್ಪ. ಮನೆಯಲ್ಲಿ ಊಟಕ್ಕೆ ಕೂತಾಗ, ಕೇಳದಿದ್ದರೂ, ‘ಬಲ್ಲವರ ಗುಟ್ಟು’ ಎಂದು ಹೇಳಿಕೊಟ್ಟಿದ್ದ. ಅವನೊಬ್ಬನೇ ಅಲ್ಲ, ಚನ್ನಮ್ಮ ಸರ್ಕಲ್ಲಿನಲ್ಲಿ ನಿಂತು ನೋಡಿ, ಅರ್ಧ ಊರು ಹಾಗೇ ಮಿಟುಕಿಸಿಕೊಂಡು ಹೋಗುತ್ತದೆ.

“ಅದು ಗಾಡಿ ಕೆಟ್ಟು ನಿಂತಾಗ ಹಾಕೋದಮ್ಮ” ಎಂದರು ಇನ್ಸ್‌ಪೆಕ್ಟರು. “ನಾಲ್ಕೂ ಮಿಟುಕಿದರೆ ಪಕ್ಕದಿಂದ ಬರೋನಿಗೆ ಒಂದೇ ಕಡೆಯ ದೀಪ ಕಾಣುತ್ತೆ. ನೀವು ಅವನ ಕಡೆಗೇ ತಿರುಗ್ತೀರಿ ಅಂದ್ಕೊಂಡು ನುಗ್ತಾನೆ. ಸೀದಾ ಹೋಗೋದಕ್ಕೆ ಯಾವ ಲೈಟೂ ಇಲ್ಲ. ತಿರುಗೋರು ಹೇಳಬೇಕು. ಸೀದಾ ಹೋಗೋರು ಯಾರಿಗೂ ಏನೂ ಹೇಳಬೇಕಾಗಿಲ್ಲ. ಮುಂದಿನ ವಾರ ಬನ್ನಿ.”

ನಾಪಾಸು. ಹೊರಗೆ ಬಂದ ಮೇಲೆ ಮಾಸ್ತರರು ಸಮಾಧಾನದ ಮಾತು ಹುಡುಕುತ್ತಿದ್ದರು. ಕಸ್ತೂರವ್ವ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಮೈದಾನದ ಕೂಡುರಸ್ತೆಯ ಕಡೆ ನೋಡುತ್ತಿದ್ದಳು. ಆಮೇಲೆ ತನ್ನಷ್ಟಕ್ಕೇ, “ಸೀದಾ ಹೋಗೋರು ಯಾರಿಗೂ ಏನೂ ಹೇಳಬೇಕಾಗಿಲ್ಲಂತ” ಎಂದಳು. ಇನ್ನೊಮ್ಮೆ ಹೇಳಿದಳು. ಅವಳ ತುಟಿಯ ಮೂಲೆಯಲ್ಲಿ ನಗು ಕಂಡಿತು. ನಾಪಾಸಾಗಿ ಹಾಗೆ ನಕ್ಕವರನ್ನು ನಾನು ಅದೇ ಮೊದಲು ನೋಡಿದ್ದು.

ಫಕೀರಪ್ಪ ಸುಮ್ಮನಿರುವನೇ? ಮಾರನೆಯ ದಿನ ಪಾಠದ ಹೊತ್ತಿಗೆ ಬಂದು ನನ್ನ ಬಾಗಿಲಿಗೆ ಒರಗಿ ನಿಂತ. “ಇನ್ಸ್‌ಪೆಕ್ಟರ್‌ಗೆ ಏನ್ ಗೊತ್ತೈತ್ರೀ ವೈನಿ? ಪುಸ್ತಕದಾಗಿಂದು ಹೇಳ್ತಾನ. ಇಡೀ ಹುಬ್ಬಳ್ಳಿ ಹಾಕತೈತಿ ನಾಲ್ಕೂ ಲೈಟು.”

“ಇಡೀ ಹುಬ್ಬಳ್ಳಿಗೆ ನಾ ಊಟಾ ಕೊಡಂಗಿಲ್ಲ, ಪಂಪಿನ ಕಾರ್ಖಾನೆಗೆ ಕೊಡ್ತೀನಿ. ನೀ ಮೊದಲು ಅಲ್ಲಿಗೆ ಹೊತ್ತಿಗಿ ಸರಿಯಾಗಿ ಹೋಗು.”

ಅವನು ಹೋಗಲಿಲ್ಲ. ಎರಡನೆಯ ಪರೀಕ್ಷೆಯ ಹಿಂದಿನ ದಿನ, ಯಾವನದೋ ಹೊಸ ಗಾಡಿಯನ್ನು ಧಾರವಾಡದ ತನಕ ಓಡಿಸಿ ನೋಡಲು ಹೋಗಿ, ಊಟವನ್ನು ವ್ಯಾನಿನಲ್ಲೇ ಮರೆತ. ಮ್ಯಾನೇಜರರು ಖಾನಾವಳಿಗೇ ಬಂದರು. ಕೆಲಸಗಾರರು ಹಸಿದು ಕೂತಿದ್ದಾರೆ, ನಾಳೆ ಹೇಗೂ ಕಾರ್ಖಾನೆಗೆ ವಾರದ ರಜೆ, ನಾಡಿದ್ದಿನಿಂದ ಬೇರೆ ಕಡೆ ಹೇಳುತ್ತೇನೆ ಎಂದರು. ಕಸ್ತೂರವ್ವ ಅವರ ಕಾಲು ಹಿಡಿಯಲಿಲ್ಲ, ಅಳಲಿಲ್ಲ. “ನಾಡದು ನಾನ ತರ್ತೀನಿ. ಸೈರನ್ ಆಗೂದರಾಗ ಬರ್ಲಿಲ್ಲಂದ್ರ ಅವತ್ತಿಂದ ಬ್ಯಾರೆಯವರಿಗೆ ಹೇಳ್ರಿ” ಎಂದಳು. ಲೈಸನ್ಸಿರಲಿಲ್ಲ. ಗಾಡಿಯೂ ಇರಲಿಲ್ಲ. ಮಾತು ಮಾತ್ರ ಕೊಟ್ಟುಬಿಟ್ಟಳು.

ಮರುದಿನ ಪರೀಕ್ಷೆಗೆ ಬಂದಾಗ ಈ ಎಲ್ಲವನ್ನೂ ಮಾಸ್ತರರಿಗೆ ಹೇಳಿದಳು. ನಾನು ಕೇಳಿಸಿಕೊಂಡೆ. ಮಾಸ್ತರರು ಕೇಳದೆಯೇ ಕಾಲು ಮೇಲೆತ್ತಿ ಕೂತರು.

ಎಂಟರ ಆಕಾರ ಮುಗಿಯಿತು. ಹಿಂದಕ್ಕೆ ಬಂದದ್ದಾಯಿತು. ಏರು ಬಂತು. ನಡುವೆ ನಿಲ್ಲಿಸಿ, ಹಿಂದೆ ಒಂದಿಷ್ಟೂ ಸರಿಯದೆ ಮತ್ತೆ ಹೊರಡಬೇಕು. ಅವಳು ನಿಲ್ಲಿಸಿದಳು. ಬ್ರೇಕು ಬಿಡಬೇಕು, ಕ್ಲಚ್ಚು ಅರ್ಧಕ್ಕೆ ತರಬೇಕು. ನನ್ನ ಮೈ ಹಿಂದಕ್ಕೆ ಜಗ್ಗಿತು. ಆಗ ಎಡಗಡೆಯಿಂದ ಮಾಸ್ತರರ ಪಾದ ಇಳಿಯಿತು. ಬೇಕೆಂದು ಇಳಿಸಿದ್ದಲ್ಲ ಅದು. ಇಷ್ಟು ವರ್ಷ ಮುಳುಗುವವರನ್ನು ಹಿಡಿದೆತ್ತಿದ ಕಾಲು, ತಾನಾಗಿಯೇ ಇಳಿಯಿತು. ಪೆಡಲಿಗೆ ಇನ್ನೂ ಬೆರಳಗಲವಿತ್ತು.

ಕಸ್ತೂರವ್ವ ತಿರುಗಿ ನೋಡಲಿಲ್ಲ. “ಮಾಸ್ತರ, ಕಾಲು!” ಎಂದಳು. ಒಲೆಯ ಹತ್ತಿರ ಬಂದ ಮಗುವನ್ನು ಗದರುವ ದನಿ ಅದು.

ಪಾದ ಮೇಲೇರಿತು. ಅದೇ ಕ್ಷಣದಲ್ಲಿ ನನ್ನ ಎಂಜಿನ್ನಿನ ದನಿ ದಪ್ಪಗಾಯಿತು. ಅವಳ ಬರಿಗಾಲು ಅದನ್ನು ಕೇಳಿಸಿಕೊಂಡಿತು. ನಾನು ಹಿಂದಕ್ಕೆ ಒಂದು ಕೂದಲೆಳೆಯಷ್ಟೂ ಸರಿಯಲಿಲ್ಲ. ಏರಿದೆ. ನನ್ನ ಜೀವಮಾನದಲ್ಲಿ ನಾನು ಹತ್ತಿದ ಏರುಗಳಲ್ಲಿ ಅದು ಅತಿ ಸಣ್ಣದು, ಅತಿ ಎತ್ತರದ್ದೂ ಅದೇ.

ಕೂಡುರಸ್ತೆಯಲ್ಲಿ “ಸ್ಟ್ರೈಟ್” ಎಂದರು ಇನ್ಸ್‌ಪೆಕ್ಟರು. ಅವಳು ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಯಾವ ಗುಂಡಿಯನ್ನೂ ಮುಟ್ಟದೆ ಸೀದಾ ಹೋದಳು.

ಪಾಸು.

ಸಂಜೆ ಖಾನಾವಳಿಯಲ್ಲಿ ಫಕೀರಪ್ಪ, “ಲೈಸನ್ಸು ಬರತೈತಿ, ಬರ್ಲಿ. ಗಾಡಿ ಎಲ್ಲೈತ್ರೀ ವೈನಿ? ನನ್ನ ವ್ಯಾನಿನ ಚಾವಿ ನಾ ಕೊಡಂಗಿಲ್ಲ” ಎಂದನಂತೆ. ಅವಳು ಸೀದಾ ಮಾಸ್ತರರ ಮನೆಗೆ ನಡೆದಳು. ಮಾಸ್ತರರಿಗೆ ಮಂಡಿ ಸಾಕೆನ್ನುತ್ತಿತ್ತು. ಸ್ಕೂಲು ಮುಚ್ಚುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತು. ಅವರಿಬ್ಬರು ಒಳಗೆ ಏನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ. ಮಾಸ್ತರರು ಹೊರಗೆ ಬಂದು ನನ್ನ ಚಾವಿಯನ್ನು ಕಸ್ತೂರವ್ವನ ಕೈಗಿಟ್ಟು, ನನ್ನ ನೆತ್ತಿಯ ಹಳದಿ ಬೋರ್ಡು ಬಿಚ್ಚಿದರು. ಆಮೇಲೆ ಅಂಗೈಯಿಂದ ನನ್ನ ಬಾಗಿಲನ್ನು ಒಮ್ಮೆ ತಟ್ಟಿದರು. ಆ ತಟ್ಟು ನನಗೆ ಗುರುತಿನದು. ಹುಟ್ಟಿದ ದಿನ ತಿಂದದ್ದು.

ಮರುದಿನ ಮಧ್ಯಾಹ್ನ ನನ್ನೊಳಗೆ ಪಲ್ಲೆಯ ಡಬ್ಬಿ, ಸಾರಿನ ಪಾತ್ರೆ, ರೊಟ್ಟಿಯ ಬುಟ್ಟಿ ತುಂಬಿದರು. ಬಸಲಿಂಗಪ್ಪ ನನ್ನ ಗಾಲಿಗಳ ಮುಂದೆ ನಿಂಬೆಹಣ್ಣು ಇಟ್ಟು, ದೂರ ಹೋಗಿ ಗೋಡೆಗೆ ಒರಗಿ ನಿಂತ. ನಾಲ್ಕೂ ಒಡೆದವು. ಫಕೀರಪ್ಪ ಕರೆಯದೆಯೇ ಬಂದು ಎಡಗಡೆ ಹತ್ತಿ ಕೂತ. “ಹೊಸಬರು ಅದೀರಿ, ಬಲ್ಲವರು ಒಬ್ರು ಮಗ್ಗಲಾಗ ಇರ್ಬೇಕು.”

ಅವನ ಕಾಲ ಕೆಳಗೆ ಆ ಎರಡನೆಯ ಬ್ರೇಕು ಇನ್ನೂ ಇತ್ತು.

ಓಣಿ ದಾಟುವಷ್ಟರಲ್ಲಿ ಅವನು ಅದನ್ನು ಕಂಡುಕೊಂಡ. ಎದುರಿಗೆ ಎಮ್ಮೆ ಬಂತು, ಒತ್ತಿದ. ತಿರುವು ಬಂತು, ಒತ್ತಿದ. ಏನೂ ಬರಲಿಲ್ಲ, ಆಗಲೂ ಒತ್ತಿದ. ಒಮ್ಮೆ ಜೋರಾಗಿ ಒತ್ತಿದ್ದಕ್ಕೆ ನಾನು ರಸ್ತೆಯ ನಡುವೆ ಧಡಕ್ಕನೆ ನಿಂತೆ. ಸಾರು ಚೆಲ್ಲಿತು. ಹಿಂದೆ ಬರುತ್ತಿದ್ದ ಆಟೋ ನನ್ನ ಬೆನ್ನಿಗೆ ಮುತ್ತಿಡುವುದು ಒಂದು ಗೇಣಿನಲ್ಲಿ ತಪ್ಪಿತು. ಆಟೋದವನು ಬೈದದ್ದು ಕಸ್ತೂರವ್ವನನ್ನು: “ಹೆಣ್ಮಕ್ಕಳ ಕೈಯಾಗ ಗಾಡಿ ಕೊಟ್ಟಾರ ನೋಡ್ರಿ!”

ನನಗೆ ಹೇಗಾಯಿತೆಂದರೆ, ಬಾಯಿದ್ದಿದ್ದರೆ ಹೇಳಿಬಿಡುತ್ತಿದ್ದೆ. ಒತ್ತಿದ್ದು ಅವಳಲ್ಲ ಕಣೋ! ಬಗಲಲ್ಲಿ ಕೂತವನು ಒತ್ತುವುದು, ಬೈಗುಳ ಓಡಿಸುವವಳಿಗೆ! ಇನ್ನೊಬ್ಬರಿಗೆ ಕಲಿಸಲೆಂದು ಹುಟ್ಟಿದ ಬ್ರೇಕು ಇನ್ನೊಬ್ಬರನ್ನು ತಡೆಯಲು ಬಳಕೆಯಾಗುವುದನ್ನು ಕಂಡು ನನ್ನ ರೇಡಿಯೇಟರು ಕುದಿಯಿತು.

ಕಸ್ತೂರವ್ವ ನನ್ನನ್ನು ರಸ್ತೆಯ ಬದಿಗೆ ತಂದಳು. ಇಲ್ಲಿ ನಾಲ್ಕೂ ದೀಪ ಹಾಕಿದಳು.

“ಈಗ್ಯಾಕ ಹಾಕಿದ್ರಿ?” ಎಂದ ಫಕೀರಪ್ಪ.

“ಗಾಡಿ ನಿಂತಾಗ ಹಾಕೂದಿದು. ಇಳಿ.”

“ವೈನೀ, ಹೊತ್ತಾಗತೈತಿ...”

“ಅದಕ್ಕ ಹೇಳಿದ್ದು. ಹಿಂದ ಕುಂದ್ರು. ಬುಟ್ಟಿ ತೊಡಿಮ್ಯಾಲ ಇಟ್ಕೋ. ನೀನ ಹೇಳಿದ್ದಲ್ಲಾ, ಬರಕೋರಿ ಅಂತ?”

ಅವನು ಇಳಿದ. ಹಿಂದೆ ಡಬ್ಬಿಗಳ ನಡುವೆ ಮಂಡಿ ಎದೆಗೆ ಹತ್ತುವಂತೆ ಮುದುಡಿ ಕೂತ. ಬಿಸಿ ರೊಟ್ಟಿಯ ಬುಟ್ಟಿ ತೊಡೆಯನ್ನು ಸುಡುತ್ತಿತ್ತು. ಚನ್ನಮ್ಮ ಸರ್ಕಲ್ಲು ಬಂತು. ಅರ್ಧ ಊರು ಮಿಟುಕುತ್ತಿತ್ತು. ಹಿಂದಿನಿಂದ ಅವನು ಚಡಪಡಿಸಿದ: “ನಾಲ್ಕೂ ಹಾಕ್ರಿ ವೈನೀ, ಸೀದಾ ಹೋಗೂದೈತಿ!”

“ಅದಕ್ಕ ಹಾಕಂಗಿಲ್ಲ” ಎಂದಳು ಕಸ್ತೂರವ್ವ. ಬಲಗಡೆಯಿಂದ ಬಂದ ಬೀಗರನ್ನೆಲ್ಲ ಕಳಿಸಿದಳು. ದಾರಿ ಸಿಕ್ಕಿತು. ಸೀದಾ ಹೋದೆವು.

ಕಾರ್ಖಾನೆಯ ಗೇಟಿನಲ್ಲಿ ನಾವು ನಿಂತು, ಮೊದಲ ಬುಟ್ಟಿ ಇಳಿದು, ಎಲ್ಲರ ತಾಟಿಗೂ ರೊಟ್ಟಿ ಬಿದ್ದ ಮೇಲೆ ಎಷ್ಟೋ ಹೊತ್ತಿಗೆ ಸೈರನ್ನು ಕೂಗಿತು. ಕೆಲಸಗಾರರು ಅಂದು ಕೂತುಕೊಂಡು ಉಂಡರು. ಮ್ಯಾನೇಜರರು ಒಂದು ರೊಟ್ಟಿ ತೆಗೆದುಕೊಂಡು ಅಲ್ಲೇ ಮುರಿದರು. ವಾಪಸು ಬರುವಾಗ ಕಸ್ತೂರವ್ವ ನನ್ನನ್ನು ವೆಲ್ಡಿಂಗ್ ಅಂಗಡಿಯ ಮುಂದೆ ನಿಲ್ಲಿಸಿದಳು. ಎಡಗಡೆಯ ಬ್ರೇಕು, ಕ್ಲಚ್ಚು, ಸಲಾಕೆ ಎಲ್ಲವನ್ನೂ ಕತ್ತರಿಸಿ ತೆಗೆದರು. ಕಿಡಿ ಹಾರಿದವು. ನೋವಾಯಿತೇ ಎಂದು ಕೇಳಬೇಡಿ. ಹಗುರವಾಯಿತು.

ಆಮೇಲಿನ ವರ್ಷಗಳು ದುಡಿಮೆಯ ವರ್ಷಗಳು. ಅದನ್ನೆಲ್ಲ ಹೇಳಿ ನಿಮ್ಮನ್ನು ಬೇಸರಗೊಳಿಸಲಾರೆ. ಊಟ ಮತ್ತೆ ಎಂದೂ ತಡವಾಗಲಿಲ್ಲ ಎಂಬುದೊಂದೇ ಸಾಕು.

ಈಗ ನಾನು ಖಾನಾವಳಿಯ ಹಿತ್ತಲಲ್ಲಿ, ಹುಣಸೆ ಮರದ ಕೆಳಗೆ ಇಟ್ಟಿಗೆಗಳ ಮೇಲೆ ನಿಂತಿದ್ದೇನೆ. ತಳದ ತಗಡು ತುಕ್ಕು ತಿಂದು ಕಳಚಿದೆ. ರಸ್ತೆಗೆ ಇಳಿಯುವ ಹಕ್ಕು ಮುಗಿಯಿತು. ಕಸ್ತೂರವ್ವ ಹೊಸ ಗಾಡಿ ತಂದಿದ್ದಾಳೆ. ನನ್ನ ಗಾಲಿಗಳನ್ನು ಬಿಚ್ಚಿದ್ದಾರೆ. ಒಂದರ ಮೇಲೆ ಬಸಲಿಂಗಪ್ಪ ಕೂತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾನೆ. ಗಾಲಿಯ ಮೇಲೆ ಅವನು ಕೂತದ್ದು ಅದೇ ಮೊದಲು.

ಮೊನ್ನೆ ಗುಜರಿಯವನು ಬಂದಿದ್ದ. ನನ್ನ ಸುತ್ತ ಒಂದು ಸುತ್ತು ಹಾಕಿ, ಬಾನೆಟ್ಟಿಗೆ ಬಡಿದು, “ಅಕ್ಕಾರ, ಇದಿನ್ನ ಏನ್ ಕೊಡ್ತೈತ್ರಿ? ಸುಮ್ನ ಜಾಗಾ ತಿಂತೈತಿ” ಎಂದ. ನೋಡಿ, ಮತ್ತೆ ಅದೇ ಪ್ರಶ್ನೆ! ಕಸ್ತೂರವ್ವ ಒಳಗೆ ಹೋದಳು. ಹಿತ್ತಲ ಬಾಗಿಲು ಗಾಳಿಗೆ ಮುಚ್ಚದಿರಲೆಂದು ಇಷ್ಟು ವರ್ಷ ಅಡ್ಡ ಇಟ್ಟಿದ್ದ ಆ ಎರಡನೆಯ ಬ್ರೇಕಿನ ಕಬ್ಬಿಣವನ್ನು ತಂದು ಅವನ ಕೈಗಿತ್ತಳು. “ಗುಜರಿಗಿ ಹೋಗೂದು ಇದು. ಇದನ್ನ ಒಯ್ಯಿ. ಗಾಡಿ ಕೆಲಸದಾಗ ಐತಿ.”

ಕೆಲಸದಲ್ಲೇ ಇದ್ದೇನೆ. ದಿನಾ ಮಧ್ಯಾಹ್ನ ಊಟದ ಗದ್ದಲ ಮುಗಿದ ಮೇಲೆ ಒಬ್ಬ ಹೆಂಗಸು ಬಂದು, ಚಪ್ಪಲಿ ಬಿಟ್ಟು, ನನ್ನ ಬಲಗಡೆಯ ಸೀಟಿನಲ್ಲಿ ಕೂರುತ್ತಾಳೆ. ಫಕೀರಪ್ಪನ ಹೆಂಡತಿ ನೀಲವ್ವ. ಕ್ಲಚ್ಚು ಒತ್ತುತ್ತಾಳೆ, ಗೇರು ಹಾಕುತ್ತಾಳೆ, ಕನ್ನಡಿ ನೋಡುತ್ತಾಳೆ. ಗಂಡ ಕಿಟಕಿಯ ಹೊರಗೆ ನಿಂತು ಅದು ಹಂಗಲ್ಲ, ಇದು ಹಿಂಗಲ್ಲ ಎನ್ನುತ್ತಲೇ ಇರುತ್ತಾನೆ. ಅವನ ಕಾಲಿಗೆ ಈಗ ಸಿಗುವುದು ಹುಣಸೆ ಮರದ ಬೇರು. ಬೇಕಾದಷ್ಟು ಒತ್ತಲಿ.

ಇಂದು ನೀಲವ್ವ ಕೇಳಿದಳು: “ಅಕ್ಕಾ, ಸೀದಾ ಹೋಗೂ ಮುಂದ ನಾಲ್ಕೂ ಲೈಟು ಹಾಕ್ಬೇಕಂತಾರಲ್ಲಾ ಇವ್ರು, ಹೌದ?”

ಒಲೆಯ ಕಡೆಯಿಂದ ಕಸ್ತೂರವ್ವನ ದನಿ ಬಂತು: “ನೀ ಕೆಟ್ಟು ನಿಂತೀಯೇನು?”

ನೀಲವ್ವ ಗುಂಡಿಯ ಮೇಲಿದ್ದ ಬೆರಳನ್ನು ಹಿಂದಕ್ಕೆ ತೆಗೆದಳು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಎರಡೂ ಕೈಯಲ್ಲಿ ಸ್ಟೇರಿಂಗು ಗಟ್ಟಿಯಾಗಿ ಹಿಡಿದು, ಕ್ಲಚ್ಚನ್ನು ಮೆಲ್ಲಗೆ ಬಿಟ್ಟಳು.

ನನಗೆ ಗಾಲಿಯಿಲ್ಲ, ಎಂಜಿನ್ನು ಉಸಿರಾಡಿ ವರ್ಷವಾಯಿತು. ಆದರೂ ನಾನು ಹೊರಟಿದ್ದೇನೆ. ಯಾವ ಲೈಟೂ ಹಾಕಿಲ್ಲ.